ಇನ್ನು ನಾಲ್ಕೇ ಪ್ರಶ್ನೆ ಸರಿಯಾಗಿದ್ದರೆ…

ಪ್ರಶ್ನೆ: ಅಕ್ಕಾ, ನನಗೀಗ 29. ಹಾವೇರಿ ಜಿಲ್ಲೆಯವನು, ಒಬಿಸಿ. ಬಿ.ಎಸ್ಸಿ ಮುಗಿಸಿ ಐದು ವರ್ಷದಿಂದ ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಯುಪಿಎಸ್‌ಸಿಗೆ ಓದುತ್ತಿದ್ದೇನೆ. ಮೊದಲ ಹಂತದ ಪ್ರಿಲಿಮ್ಸ್‌ನಲ್ಲಿ ಲೆಕ್ಕ-ತರ್ಕದ ಸಿ-ಸ್ಯಾಟ್ ಪತ್ರಿಕೆ ಪ್ರತಿ ಸಲ ಪಾಸ್ ಆಗುತ್ತದೆ, ಸಾಮಾನ್ಯ ಅಧ್ಯಯನದ ಪತ್ರಿಕೆ ಜಿಎಸ್‌ನಲ್ಲಿ ನಿಲ್ಲುತ್ತೇನೆ. 2021ರಲ್ಲಿ 72, 2022ರಲ್ಲಿ 74, 2023ರಲ್ಲಿ 69.33, 2024ರಲ್ಲಿ 76.67. ಆಮೇಲೆ ಬರೆದಿಲ್ಲ. ಮೂರು ಎಕರೆ ಗೋವಿನಜೋಳದ ದುಡ್ಡಿನಲ್ಲಿ ಅಪ್ಪ ತಿಂಗಳಿಗೆ 9,000 ಕಳಿಸುತ್ತಾರೆ. ಬಿಟ್ಟುಬಿಡಬೇಕು ಅನ್ನಿಸುತ್ತದೆ. ಬಿಟ್ಟರೆ ಐದು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗುತ್ತದಲ್ಲ? ಅಪ್ಪಗ ಏನಂತ ಹೇಳ್ಲಿ?

ಉತ್ತರ: ತಮ್ಮಾ, ಅಂಕಗಳನ್ನು ಮುಚ್ಚಿಡದೆ ಬರೆದಿದ್ದೀಯ. ಅದರಿಂದಲೇ ಶುರು ಮಾಡೋಣ.

ಒಬಿಸಿ ಕಟ್‌ಆಫ್, ಅಂದರೆ ದಾಟಲು ಬೇಕಿದ್ದ ಕನಿಷ್ಠ ಅಂಕ, 2021ರಲ್ಲಿ 84.85, 2022ರಲ್ಲಿ 87.54, 2023ರಲ್ಲಿ 74.75, 2024ರಲ್ಲಿ 87.28. ನಿನ್ನ ಕೊರತೆ ಕ್ರಮವಾಗಿ 12.85, 13.54, 5.42, 10.61. ನಿನ್ನನ್ನು ಸಪ್ತಾಪುರದಲ್ಲಿ ಹಿಡಿದಿಟ್ಟಿರುವುದು ಆ 5.42 ಇರಬೇಕು ಅನ್ನಿಸುತ್ತದೆ. ಆ ವರ್ಷ ಪತ್ರಿಕೆ ಕಷ್ಟವಾಗಿ ಎಲ್ಲರ ಅಂಕವೂ ಇಳಿದಿತ್ತು, ನಿನ್ನದೂ ಇಳಿದಿತ್ತು. ನೀನು ಗುರಿಯ ಹತ್ತಿರ ಹೋಗಿರಲಿಲ್ಲ, ಗುರಿಯೇ ಕೆಳಗೆ ಬಂದಿತ್ತು.

2024ರ 76.67 ಇನ್ನೂ ಮೋಸದ ಸಂಖ್ಯೆ. ಸರಿ ಉತ್ತರಕ್ಕೆ 2, ತಪ್ಪಿಗೆ 0.67 ಕಡಿತ. 85 ಪ್ರಶ್ನೆ ಮುಟ್ಟಿ 50 ಸರಿ, 35 ತಪ್ಪಾದರೆ ಬರುವುದು 76.67. ಅದೇ 54 ಸರಿ, 31 ತಪ್ಪಾಗಿದ್ದರೆ 87.33, ಪಾಸ್. ನಾಲ್ಕೇ ಪ್ರಶ್ನೆ! ಈ ಲೆಕ್ಕವನ್ನು ನೀನೂ ಎಷ್ಟೋ ರಾತ್ರಿ ಮಾಡಿರುತ್ತೀಯ. ಆದರೆ 2021ರಿಂದ 2024ರವರೆಗೆ ನಿನ್ನ ಅಂಕ ಏರಿದ್ದು 4.67, ಅಂದರೆ ಎರಡು ಪ್ರಶ್ನೆಯಷ್ಟೂ ಇಲ್ಲ. ದಾಟಿದರೂ ಮುಂದೆ ಮುಖ್ಯ ಪರೀಕ್ಷೆ ಮೇನ್ಸ್ ಇದೆ. 2024ರಲ್ಲಿ ಪ್ರಿಲಿಮ್ಸ್ ದಾಟಿದವರು 14,627, ಕೊನೆಗೆ ಆಯ್ಕೆಯಾದವರು 1,009.

ಅಂಕ 60ರಿಂದ 68, 68ರಿಂದ 80 ಹೀಗೆ ಏರುತ್ತಿದ್ದರೆ ಇನ್ನೊಂದು ವರ್ಷ ಕೂರು ಎನ್ನುತ್ತಿದ್ದೆ. ನಿನ್ನದು ನಿಂತಲ್ಲೇ ನಿಂತಿದೆ. ಬಿಡು.

ಬಿಟ್ಟ ಮಾತ್ರಕ್ಕೆ ಬಾಗಿಲು ಮುಚ್ಚಿಹೋಗುವುದಿಲ್ಲ. ಒಬಿಸಿಯವರಿಗೆ 35 ವರ್ಷದವರೆಗೆ 9 ಅವಕಾಶ, ನೀನು ಬಳಸಿದ್ದು 4. ಅರ್ಜಿ ಹಾಕಿ ಪರೀಕ್ಷೆಗೆ ಹೋಗದಿದ್ದರೆ ಲೆಕ್ಕಕ್ಕೆ ಬರುವುದಿಲ್ಲ, ಪ್ರಿಲಿಮ್ಸ್‌ನ ಒಂದೇ ಪತ್ರಿಕೆ ಬರೆದರೂ ಒಂದು ಅವಕಾಶ ಹೋಗುತ್ತದೆ. ಹಾಗಾಗಿ 'ಸುಮ್ಮನೆ ಒಮ್ಮೆ ಬರೆದು ನೋಡೋಣ' ಅಂತ ಹೋಗಬೇಡ. ನಾಳೆ ಕೆಲಸದಲ್ಲಿದ್ದು ಮತ್ತೆ ಮನಸ್ಸಾದರೆ ಬರೆಯಲು ಅವು ಉಳಿದಿರಲಿ.

ಎತ್ತ ಹೋಗುವುದು? ನಿನ್ನ ಕಾಗದ ಓದಿದ ಮೇಲೆ ನನಗೆ ಮೊದಲು ಹೊಳೆದದ್ದು ಗ್ರಾಮೀಣ ಬ್ಯಾಂಕಿನ ಅಧಿಕಾರಿ ಹುದ್ದೆ, ಅಂದರೆ ಬ್ಯಾಂಕ್ ನೇಮಕಾತಿ ಸಂಸ್ಥೆ ಐಬಿಪಿಎಸ್ ನಡೆಸುವ ಆರ್‌ಆರ್‌ಬಿ ಸ್ಕೇಲ್-1 ಪರೀಕ್ಷೆ. ಸಾಮಾನ್ಯ ವಯೋಮಿತಿ 30, ಒಬಿಸಿಗೆ 3 ವರ್ಷ ಸಡಿಲಿಕೆ. ಯಾವುದೇ ಪದವಿ ಸಾಕು. ಪ್ರಿಲಿಮ್ಸ್‌ನಲ್ಲಿ ರೀಸನಿಂಗ್ 40, ಗಣಿತ 40, ಇಂಗ್ಲಿಷ್ ಇಲ್ಲ. ಆಯಾ ರಾಜ್ಯದ ಭಾಷೆ ಬರಲೇಬೇಕು, ಅದು ನಿನ್ನ ಕೈಯಲ್ಲೇ ಇದೆ. ಬೆಳೆಸಾಲ ಕೇಳಿ ಬರುವ ರೈತನ ಕಷ್ಟ ನಿನಗೆ ಯಾರೂ ಹೇಳಿಕೊಡಬೇಕಿಲ್ಲ. ಈ ಮೀಸಲಾತಿಗೆ ಕೇಂದ್ರ ನಮೂನೆಯ ಒಬಿಸಿ ಪ್ರಮಾಣಪತ್ರ ಬೇಕು, ರಾಜ್ಯದ 2ಎ ಪತ್ರ ನಡೆಯುವುದಿಲ್ಲ. ಹಳೆಯದಾಗಿದ್ದರೆ ಈಗಲೇ ನಾಡಕಚೇರಿಗೆ ಹೋಗು.

ಯುಪಿಎಸ್‌ಸಿಯಿಂದ ಬಂದವರು ಬ್ಯಾಂಕ್ ಪರೀಕ್ಷೆಯಲ್ಲಿ ಎಡವುವುದು ವೇಗದಲ್ಲಿ. ಜಿಎಸ್ ಪತ್ರಿಕೆಯಲ್ಲಿ 120 ನಿಮಿಷಕ್ಕೆ 100 ಪ್ರಶ್ನೆ, ಒಂದಕ್ಕೆ 72 ಸೆಕೆಂಡ್. ಇಲ್ಲಿ 45 ನಿಮಿಷಕ್ಕೆ 80, ಒಂದಕ್ಕೆ 34 ಸೆಕೆಂಡ್ ಸಹ ಇಲ್ಲ. ಲೆಕ್ಕ ಬರುತ್ತದೆ, ಆದರೆ ಗಂಟೆ ಬಾರಿಸಿಬಿಡುತ್ತದೆ. ಓದಲು ಕೂರುವ ಮೊದಲೇ ಒಂದು ಹಳೆಯ ಪತ್ರಿಕೆಯನ್ನು ಗಡಿಯಾರ ಇಟ್ಟುಕೊಂಡು ಬರೆ, ಬಂದ ಅಂಕ ಗೋಡೆಗೆ ಅಂಟಿಸು. 30ರವರೆಗೆ ಮಗ್ಗಿ ಮತ್ತು ವರ್ಗ, 20ರವರೆಗೆ ಘನ ಬಾಯಿಪಾಠವಾಗಲಿ. ಮೊದಲ ತಿಂಗಳು ದಿನಕ್ಕೆ ಎರಡು ತಾಸು ಸಿಂಪ್ಲಿಫಿಕೇಶನ್, ನಂಬರ್ ಸೀರೀಸ್, ವರ್ಗ ಸಮೀಕರಣ. ಇನ್ನೆರಡು ತಾಸು ಪಜಲ್. ನಾಲ್ಕು ನಿಮಿಷದಲ್ಲಿ ಬಿಡಿಸಲಾಗದ ಪಜಲನ್ನು ಅಲ್ಲೇ ಬಿಟ್ಟು ಮುಂದೆ ಹೋಗುವ ಅಭ್ಯಾಸವಾಗಬೇಕು. ಪ್ರತಿ ಪ್ರಶ್ನೆಯ ಬುಡ ಕಾಣಬೇಕೆಂಬ ನಿನ್ನ ರೂಢಿಗೆ ಇದೇ ಕಷ್ಟವಾಗುವುದು. ಎರಡನೇ ತಿಂಗಳಿಂದ ವಾರಕ್ಕೆ ಎರಡು ಮಾಕ್ (ಅಣಕು ಪರೀಕ್ಷೆ). 30 ಮಾಕ್ ಬರೆದ ಮೇಲೂ 80ಕ್ಕೆ 50 ಮುಟ್ಟದಿದ್ದರೆ ಇದನ್ನೂ ಬಿಡಬೇಕು. ಆ ಗೆರೆಯನ್ನು ಇವತ್ತೇ ಎಳೆದುಕೋ, ಆಗ ಎಳೆಯಲು ಮನಸ್ಸು ಒಪ್ಪುವುದಿಲ್ಲ.

ಪಾಠ ಹೇಳುವುದು ಇಷ್ಟವಿದ್ದರೆ ಎರಡು ವರ್ಷದ ಬಿ.ಎಡ್, ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿಯ ಎರಡನೇ ಪತ್ರಿಕೆಯಲ್ಲಿ 150ಕ್ಕೆ 90, ಆಮೇಲೆ 6ರಿಂದ 8ನೇ ತರಗತಿಯ ಗಣಿತ-ವಿಜ್ಞಾನ ಶಿಕ್ಷಕರ ನೇಮಕಾತಿ. ದಾರಿ ಉದ್ದ, ಇಷ್ಟವಿದ್ದರೆ ಮಾತ್ರ.

ಬಿಟ್ಟವರಲ್ಲಿ ಅನೇಕರು ಬಾಯಲ್ಲಷ್ಟೇ ಬಿಡುತ್ತಾರೆ. ಬೆಳಗ್ಗೆ ಮೂರು ತಾಸು ಪತ್ರಿಕೆ ಓದಿ ನೋಟ್ಸ್ ಬರೆಯುವುದು ಮುಂದುವರಿದೇ ಇರುತ್ತದೆ. ಹೊಸ ತಯಾರಿಗೆ ಉಳಿಯುವುದು ದಣಿದ ಸಂಜೆ. ಎರಡೂ ಕೈತಪ್ಪುವುದು ಹೀಗೆ. ಟೆಲಿಗ್ರಾಂ ಗುಂಪುಗಳಿಂದ ಹೊರಗೆ ಬಾ. ಪುಸ್ತಕಗಳಲ್ಲಿ ರಾಜ್ಯಶಾಸ್ತ್ರ, ಅರ್ಥಶಾಸ್ತ್ರದ್ದು ಇಟ್ಟುಕೋ. ಬ್ಯಾಂಕ್ ಮೇನ್ಸ್‌ನ ಸಾಮಾನ್ಯ ಜ್ಞಾನಕ್ಕೆ, ಪಿಡಿಒ ಪರೀಕ್ಷೆಗೆ ಅವು ಬೇಕಾಗುತ್ತವೆ. ಹುಣಸೆಹಣ್ಣು ಪೂರ್ತಿ ಹೊಳೆ ಪಾಲಾಗಿಲ್ಲ ತಮ್ಮಾ. ಉಳಿದ ಪುಸ್ತಕ ಜೂನಿಯರ್‌ಗಳಿಗೆ ಕೊಟ್ಟುಬಿಡು. ರೂಮ್ ಖಾಲಿ ಮಾಡುವ ತಿಂಗಳ ಮೊದಲೇ ಮಾಲೀಕರಿಗೆ ತಿಳಿಸು, ಇಲ್ಲದಿದ್ದರೆ ಡೆಪಾಸಿಟ್‌ನಲ್ಲಿ ಒಂದು ತಿಂಗಳದ್ದು ಮುರಿದುಕೊಳ್ಳುತ್ತಾರೆ.

ಇನ್ನು ಅಪ್ಪ. ಫೋನಲ್ಲಿ ಹೇಳಬೇಡ, ಊರಿಗೆ ಹೋಗಿ ಹೇಳು. ಒಂದು ಹಾಳೆಯಲ್ಲಿ ನಾಲ್ಕು ವರ್ಷದ ಕಟ್‌ಆಫ್, ಪಕ್ಕದಲ್ಲಿ ನಿನ್ನ ಅಂಕ ಬರೆದುಕೊಂಡು ಹೋಗು. ಫಸಲಿನ ಲೆಕ್ಕ ನೋಡಿದವರಿಗೆ ಈ ಲೆಕ್ಕ ತಿಳಿಯುತ್ತದೆ. ಅದರ ಕೆಳಗೆ ಮುಂದಿನ ಪರೀಕ್ಷೆಯ ಹೆಸರು, ಬೇಕಾದ ತಿಂಗಳು, ಬೇಕಾದ ದುಡ್ಡು ಬರೆದಿರಲಿ. ಊರಿನಲ್ಲೇ ಇದ್ದು ಸಂಜೆ ಎರಡು ತಾಸು ಹೈಸ್ಕೂಲ್ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳಿದರೆ ನಿನ್ನ ಅರ್ಜಿ ಶುಲ್ಕ, ಮಾಕ್ ಖರ್ಚು ಅದರಲ್ಲೇ ನಡೆಯುತ್ತದೆ. ಅದನ್ನೂ ಬರೆ. 'ಅಪ್ಪಾ, ಮುಂದಿನ ತಿಂಗಳಿಂದ ರೊಕ್ಕ ಕಳಸಬ್ಯಾಡ್ರಿ' ಅನ್ನುವ ಮಾತಿನಿಂದಲೇ ಶುರು ಮಾಡು. ಹಾಳೆಯನ್ನು ಆಮೇಲೆ ಅವರ ಕೈಗೆ ಕೊಡು.