ಇಂಗ್ಲಿಷ್ ಸಾಹಸ ಕಾದಂಬರಿಗಳ ನಾಯಕ ಬುಲ್‌ಡಾಗ್ ಡ್ರಮಂಡ್ ಪೊಲೀಸನೂ ಅಲ್ಲ, ಪತ್ತೇದಾರನೂ ಅಲ್ಲ. ಹಾಗಾದರೆ ಅಪರಾಧಿಗಳ ಬೆನ್ನು ಹತ್ತುವುದೇಕೆ?

ಬೇಸರ ಕಳೆಯಲು! 1920ರಲ್ಲಿ ಬಂದ ಮೊದಲ ಕಾದಂಬರಿಯಲ್ಲಿ ಕ್ಯಾಪ್ಟನ್ ಹ್ಯೂ ಡ್ರಮಂಡ್ ಮೊದಲ ಮಹಾಯುದ್ಧ ಮುಗಿಸಿ ಲಂಡನ್ನಿಗೆ ಮರಳಿದ ಅಧಿಕಾರಿ. ದುಡ್ಡಿಗೇನೂ ಕೊರತೆಯಿಲ್ಲ, ಆದರೆ ಶಾಂತಿಕಾಲ ಸಪ್ಪೆ. ಸಾಹಸ ಬೇಕು, ಕಾನೂನಿನೊಳಗಿದ್ದರೆ ಒಳ್ಳೆಯದು, ತುಸು ತಮಾಷೆಯ ಅಪರಾಧವಾದರೂ ಅಡ್ಡಿಯಿಲ್ಲ ಎಂದು ಪತ್ರಿಕೆಯಲ್ಲಿ ಜಾಹೀರಾತು ಹಾಕುತ್ತಾನೆ. ಅದಕ್ಕೆ ಬಂದ ಒಂದು ಪತ್ರ ಅವನನ್ನು ಕಾರ್ಲ್ ಪೀಟರ್‌ಸನ್ ಎಂಬ ಖಳನ ಸಂಚಿನೊಳಗೆ ಎಳೆಯುತ್ತದೆ.

ಬರೆದ ಎಚ್. ಸಿ. ಮೆಕ್‌ನೀಲ್ ಸ್ವತಃ ಆ ಯುದ್ಧದಲ್ಲಿದ್ದವರು. ಮರಳಿದ ಸೈನಿಕರ ಚಡಪಡಿಕೆ ಅವರಿಗೆ ಗೊತ್ತಿತ್ತು. ಆದ್ದರಿಂದಲೇ ಡ್ರಮಂಡ್ ಸುಳಿವು ಕೂಡಿಸುತ್ತ ಕೂರುವವನಲ್ಲ. ರಣರಂಗದಲ್ಲಿ ಕಲಿತಂತೆ ಕತ್ತಲಲ್ಲಿ ಸದ್ದಿಲ್ಲದೆ ತೆವಳಿ ಶತ್ರುವಿನ ಮೇಲೆರಗುತ್ತಾನೆ. ಕಥೆಗಳಲ್ಲಿ ತುಂಬಿರುವ ವಿದೇಶಿ-ದ್ವೇಷ ಮಾತ್ರ ಈಗ ಓದುವಾಗ ಕಿರಿಕಿರಿ.