ಯುವಿ ಬೆಳಕು ಹಾಯಿಸಿದ ಪ್ಲೇಟ್‌ಲೆಟ್: ಕಸುವು ಕಡಿಮೆಯಾಗುತ್ತದೆಯೇ?

ಪ್ರಶ್ನೆ: ಶರಣ್ರೀ ಡಾಕ್ಟ್ರೇ. ನಮ್ಮ ತಮ್ಮಗ ರಕ್ತದ ಕ್ಯಾನ್ಸರ್ ಅದ, ಹೈದರಾಬಾದದಾಗ ಕೀಮೋ ನಡೆದದ. ಈ ಸಲ ಏರಿಸಿದ ಪ್ಲೇಟ್‌ಲೆಟ್‌ಗೆ ಔಷಧ ಹಾಕಿ ಯುವಿ ಲೈಟ್ ಹೊಡದಿದ್ರಂತ. ಮರುದಿನ ಕೌಂಟ್ 9 ಸಾವಿರದಿಂದ 24 ಸಾವಿರಕ್ಕಷ್ಟೇ ಬಂತು. ಹಿಂದಿನ ಸಲ 38 ಸಾವಿರ ಆಗಿತ್ತು. ಲೈಟಿಗಿ ಪ್ಲೇಟ್‌ಲೆಟ್ ಸಾಯ್ತಾವೇನ್ರಿ? ಮುಂದಿನ ಸಲ ಅದು ಬ್ಯಾಡ ಅಂದುಬಿಡ್ಲೇನು?
— ಓದುಗರು, ಸೇಡಂ

ಉತ್ತರ: ಬೇಡ ಅನ್ನಬೇಡಿ. ಆದರೆ ನೀವು ಗಮನಿಸಿದ್ದು ಸುಳ್ಳಲ್ಲ. ಹೀಗೆ ಸಂಸ್ಕರಿಸಿದ ಪ್ಲೇಟ್‌ಲೆಟ್ ಏರಿಸಿದಾಗ ಕೌಂಟ್ ಸ್ವಲ್ಪ ಕಡಿಮೆಯೇ ಏರುತ್ತದೆ.

ಕೆಂಪು ರಕ್ತಕಣದ ಚೀಲವನ್ನು ಫ್ರಿಜ್‌ನಲ್ಲಿ ಇಡುತ್ತೇವೆ. ಪ್ಲೇಟ್‌ಲೆಟ್‌ಗೆ ತಂಪು ಆಗಿಬರುವುದಿಲ್ಲ. ಅದರ ಆಕಾರ ಕೆಟ್ಟು, ಮೇಲ್ಮೈ ಬದಲಾಗಿ, ಮೈಯೊಳಗೆ ಹೋದ ಸ್ವಲ್ಪ ಹೊತ್ತಿಗೇ ಯಕೃತ್ತು ಅದನ್ನು ಹಿಡಿದು ತೆಗೆದುಹಾಕುತ್ತದೆ. ಅದಕ್ಕೇ 20ರಿಂದ 24 ಡಿಗ್ರಿಯಲ್ಲಿ, ಸದಾ ಅಲುಗಾಡಿಸುವ ಯಂತ್ರದ ಮೇಲೆ, ಹೆಚ್ಚೆಂದರೆ 5 ದಿನ ಇಡುವುದು. ಆ ಹದ ಬ್ಯಾಕ್ಟೀರಿಯಾಕ್ಕೂ ಹಿತ. ದಾನಿಯ ಚರ್ಮದಿಂದ ಸೂಜಿಯ ಜೊತೆ ಬೆರಳೆಣಿಕೆಯಷ್ಟು ಒಳಹೊಕ್ಕರೂ ನಾಲ್ಕನೇ ದಿನಕ್ಕೆ ಕೋಟಿಗಟ್ಟಲೆ ಆಗಬಲ್ಲವು. ಕೀಮೋದಿಂದ ಬಿಳಿ ರಕ್ತಕಣ ಕುಸಿದವರಿಗೆ ಅಂಥ ಚೀಲ ಏರಿದರೆ ಜೀವಕ್ಕೇ ಕುತ್ತು. (ಪ್ಲೇಟ್‌ಲೆಟ್‌ಗೇ ‘ಬಿಳಿ ರಕ್ತಕಣ’ ಎನ್ನುವ ರೂಢಿ ನಮ್ಮ ಕಡೆ ಇದೆ. ಅವೆರಡೂ ಬೇರೆ ಬೇರೆ.) ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆಗಳು ನಮ್ಮಲ್ಲಿ ಕಡ್ಡಾಯ. ಡೆಂಗಿ ಆ ಪಟ್ಟಿಯಲ್ಲಿಲ್ಲ.

ಈ ಬಾಗಿಲುಗಳನ್ನು ಮುಚ್ಚುವುದಕ್ಕೇ ಸಂಸ್ಕರಣೆ. ಒಂದು ವಿಧಾನದಲ್ಲಿ ಅಮೋಟೋಸಾಲೆನ್ ಎಂಬ ಔಷಧ ಬೆರೆಸಿ ಯುವಿ-ಎ ಬೆಳಕು ಹಾಯಿಸುತ್ತಾರೆ, ಇನ್ನೊಂದರಲ್ಲಿ ರೈಬೋಫ್ಲೇವಿನ್, ಅಂದರೆ ಬಿ2 ವಿಟಮಿನ್, ಮತ್ತು ಯುವಿ ಬೆಳಕು. ಎರಡೂ ರೋಗಾಣುವಿನ ಡಿಎನ್‌ಎ, ಆರ್‌ಎನ್‌ಎಗಳನ್ನು ಕೆಡಿಸುತ್ತವೆ. ಆಮೇಲೆ ಅದು ಮರಿ ಹಾಕಲಾರದು. ಪ್ಲೇಟ್‌ಲೆಟ್‌ಗೆ ಕೋಶಕೇಂದ್ರವೇ ಇಲ್ಲ, ಹಾಗಾಗಿ ಅದು ಉಳಿದುಕೊಳ್ಳುತ್ತದೆ.

ಉಳಿಯುತ್ತದೆ, ಆದರೆ ಪೆಟ್ಟು ತಿನ್ನದೆ ಅಲ್ಲ. ಪ್ಲೇಟ್‌ಲೆಟ್‌ಗೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾದಲ್ಲೂ ಡಿಎನ್‌ಎ ಇದೆ, ಅದಕ್ಕೆ ಹಾನಿಯಾಗುತ್ತದೆ. ಚೀಲದಲ್ಲಿನ ಸಕ್ಕರೆ ಬೇಗ ಖರ್ಚಾಗಿ, ಲ್ಯಾಕ್ಟೇಟ್ ಶೇಖರವಾಗಿ, ಆಮ್ಲೀಯತೆ ಹೆಚ್ಚುತ್ತದೆ. ಗಾಯ ಕಂಡಾಗ ಮಾತ್ರ ಎಚ್ಚರಾಗಬೇಕಾದ ಕೆಲವು ಪ್ಲೇಟ್‌ಲೆಟ್‌ಗಳು ಚೀಲದಲ್ಲೇ ಎಚ್ಚರಾಗಿಬಿಡುತ್ತವೆ. ಒಳ್ಳೆಯ ಚೀಲವನ್ನು ಬೆಳಕಿಗೆ ಹಿಡಿದು ಮೆಲ್ಲಗೆ ತಿರುಗಿಸಿದರೆ ಒಳಗೆ ರೇಷ್ಮೆ ಸೆರಗು ಹೊಳೆದ ಹಾಗೆ ಸುಳಿ ಏಳುತ್ತದೆ. ಸಂಸ್ಕರಿಸಿದ ಚೀಲದಲ್ಲಿ ದಿನ ಕಳೆದಂತೆ ಆ ಹೊಳಪು ಬೇಗ ಮಾಸಬಹುದು. ಒಟ್ಟಿನಲ್ಲಿ ಅದಕ್ಕೆ ಮುಪ್ಪು ಬೇಗ. ಉಳಿದ ಔಷಧವನ್ನು ಹೀರಿ ತೆಗೆಯುವ ಹಂತದಲ್ಲೂ ಒಂದಿಷ್ಟು ಪ್ಲೇಟ್‌ಲೆಟ್ ನಷ್ಟವಾಗುತ್ತವೆ.

ರೋಗಿಗೆ ಇದರಿಂದ ಏನಾಗುತ್ತದೆ? 2004ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 645 ರೋಗಿಗಳಿದ್ದರು. ಗಮನಾರ್ಹ ರಕ್ತಸ್ರಾವ ಅಮೋಟೋಸಾಲೆನ್ ಗುಂಪಿನಲ್ಲಿ ಶೇ 58.5, ಸಾದಾ ಗುಂಪಿನಲ್ಲಿ ಶೇ 57.5. ಹೆಚ್ಚುಕಮ್ಮಿ ಒಂದೇ. ಆದರೆ ಸರಾಸರಿ 8.4 ಸಲ ಏರಿಸಬೇಕಾಯಿತು, ಸಾದಾ ಗುಂಪಿನಲ್ಲಿ 6.2 ಸಲ. ರಕ್ತಸ್ರಾವ ಹೆಚ್ಚಾಯಿತು ಎಂದ ಡಚ್ ಅಧ್ಯಯನವೂ 2010ರಲ್ಲಿ ಬಂದಿದೆ, ಅದನ್ನು ಮುಚ್ಚಿಡಲಾರೆ. ಇಂಥ ಪ್ರಯೋಗಗಳನ್ನೆಲ್ಲ ಒಟ್ಟು ಸೇರಿಸಿ ನೋಡಿದ 2017ರ ಕಾಕ್ರೇನ್ ವಿಮರ್ಶೆಗೆ ಸಾವಿನಲ್ಲಾಗಲಿ ಗಮನಾರ್ಹ ರಕ್ತಸ್ರಾವದಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಹೆಚ್ಚು ಸಲ ಏರಿಸಬೇಕಾದದ್ದು ಮಾತ್ರ ಅಲ್ಲೂ ಕಂಡಿತು. ಇಷ್ಟೆಲ್ಲ ಗೊತ್ತಿದ್ದೇ ಸ್ವಿಟ್ಜರ್ಲೆಂಡ್ 2011ರಲ್ಲಿ, ಫ್ರಾನ್ಸ್ 2017ರಲ್ಲಿ ಇದನ್ನು ದೇಶಕ್ಕೆಲ್ಲ ಜಾರಿ ಮಾಡಿದವು.

ನಿಮ್ಮ ತಮ್ಮನ ಲೆಕ್ಕಕ್ಕೆ ಬರೋಣ. ಕೌಂಟ್ 15 ಸಾವಿರ ಮಾತ್ರ ಏರಿದ್ದಕ್ಕೆ ಲೈಟೊಂದೇ ಕಾರಣ ಎನ್ನಲಾಗದು. ಅಂದು ಜ್ವರ ಇತ್ತೇ? ಸೋಂಕು, ಊದಿದ ಗುಲ್ಮ, ಹಳೆಯ ಚೀಲ, ಎಲ್ಲವೂ ಕೌಂಟ್ ತಿನ್ನುತ್ತವೆ. ಪದೇಪದೇ ಏರಿಸಿದವರಲ್ಲಿ ಪ್ಲೇಟ್‌ಲೆಟ್ ವಿರುದ್ಧವೇ ಪ್ರತಿಕಾಯ ಹುಟ್ಟುವುದೂ ಉಂಟು. ಮುಂದಿನ ಸಲ ಏರಿಸಿ ಮುಗಿದ ಒಂದು ತಾಸಿನೊಳಗೆ ಕೌಂಟ್ ಮಾಡಿಸಲು ಕೇಳಿ. ಸತತ ಎರಡು ಸಲ ಆಗಲೂ ಏರದಿದ್ದರೆ ಪ್ರತಿಕಾಯದ ಪರೀಕ್ಷೆಯ ಬಗ್ಗೆ ಅಲ್ಲಿನ ವೈದ್ಯರೊಂದಿಗೆ ಮಾತಾಡಿ. ಚೀಲ ಎಷ್ಟನೇ ದಿನದ್ದು ಎಂದು ಕೇಳುವುದಕ್ಕೂ ಸಂಕೋಚ ಬೇಡ. ಎಲ್ಲಕ್ಕಿಂತ ಮೊದಲು ಒಸಡು, ಮೂಗು, ಮೂತ್ರ, ಮೈಮೇಲಿನ ಕೆಂಪು ಚುಕ್ಕೆ ನೋಡಿ. ರಕ್ತ ನಿಂತಿದೆಯೇ ಎಂಬುದು ಸಂಖ್ಯೆಗಿಂತ ದೊಡ್ಡದು.

ಇನ್ನೊಂದು ಮಾತು. ‘ನಮ್ಮ ರಕ್ತಾನೇ ಕೊಡ್ತೀವಿ’ ಎಂದು ಒಡಹುಟ್ಟಿದವರು ಓಡಿ ಬರುತ್ತಾರೆ. ಆ ಪ್ರೀತಿ ದೊಡ್ಡದು. ಆದರೆ ರಕ್ತಸಂಬಂಧಿಯ ಲಿಂಫೋಸೈಟ್ (ಒಂದು ಬಗೆಯ ಬಿಳಿ ರಕ್ತಕಣ) ರೋಗಿಯ ಮೈಯಲ್ಲಿ ಬೇರೂರಿ ಅವನ ಅಂಗಗಳ ಮೇಲೇ ತಿರುಗಿಬೀಳಬಹುದು. ಅಪರೂಪ, ಆದರೆ ಬಂದರೆ ಬದುಕುಳಿಯುವುದು ಕಷ್ಟ. ಮನೆಯವರ ಪ್ಲೇಟ್‌ಲೆಟ್‌ಗೆ ಗಾಮಾ ವಿಕಿರಣ ಕೊಡಲೇಬೇಕು. ಈ ಯುವಿ ಸಂಸ್ಕರಣೆ ಆ ಲಿಂಫೋಸೈಟ್‌ಗಳನ್ನೂ ನಿಷ್ಕ್ರಿಯಗೊಳಿಸುತ್ತದೆ. ನಾನು ಇದರ ಪರ ನಿಲ್ಲುವುದಕ್ಕೆ ಇದೂ ಒಂದು ಕಾರಣ. ಎಲ್ಲವನ್ನೂ ಕೊಲ್ಲುತ್ತದೆ ಎಂದಲ್ಲ: ಹೆಪಟೈಟಿಸ್ ಎ ಮತ್ತು ಇ ವೈರಸ್‌ಗಳ ಮೇಲೆ, ಬ್ಯಾಕ್ಟೀರಿಯಾದ ಬೀಜಕಗಳ ಮೇಲೆ ಇದರ ಆಟ ನಡೆಯದು.

ತಮ್ಮ ಊರಿಗೆ ಬಂದಾಗ ಕಲಬುರಗಿಯಿಂದ ಸೇಡಂಗೆ ಚೀಲ ಒಯ್ಯುವ ಪ್ರಸಂಗ ಬಂದೀತು. ನಮ್ಮ ಬ್ಯಾಸಗಿಗೆ ಹೆದರಿ ಡಬ್ಬಿಗೆ ಐಸ್ ತುಂಬಿಕೊಂಡು ಬರುವವರಿದ್ದಾರೆ. ಐಸ್ ಬೇಡ, ಬಿಸಿಲೂ ಬೇಡ. ರಕ್ತನಿಧಿಯವರಿಂದಲೇ ಸರಿಯಾದ ಡಬ್ಬಿ ಕೇಳಿ ಪಡೆಯಿರಿ, ಆಸ್ಪತ್ರೆ ಮುಟ್ಟಿದ ಕೂಡಲೇ ಏರಿಸಲು ಹೇಳಿ. ವಾರ್ಡಿನ ಫ್ರಿಜ್ಜಿನಲ್ಲಿ ಇಡಲು ಬಿಡಬೇಡಿ.