ಕಂಪ್ಯೂಟರ್ ಪ್ರಶ್ನೋತ್ತರ: ಹೆಸರು ಕಾಣುತ್ತದೆ, ಚಿತ್ರ ತೆರೆಯದು

ಪ್ರಶ್ನೆ: ಕಚೇರಿಯ ಸರ್ವರ್‌ನಲ್ಲಿ ಎಲ್ಲರೂ ಬಳಸುವ ಫೋಲ್ಡರ್ ಒಂದಿದೆ. ಸಹೋದ್ಯೋಗಿಯೊಬ್ಬರು ಅದಕ್ಕೆ ಹೊಸದಾಗಿ ಹಾಕಿದ ಜೆಪೆಗ್ ಚಿತ್ರಗಳ ಹೆಸರು ಕಾಣುತ್ತದೆ, ತೆರೆಯಹೋದರೆ ಅನುಮತಿ ಇಲ್ಲ ಎನ್ನುತ್ತದೆ. ಅಲ್ಲೇ ಇರುವ ಹಳೆಯ ಚಿತ್ರಗಳಿಗೆ ತೊಂದರೆಯಿಲ್ಲ. ಏಕೆ ಹೀಗೆ?

ಉತ್ತರ: ಅವರು ಸರ್ವರ್‌ನ ಅದೇ ಡ್ರೈವ್‌ನಲ್ಲಿರುವ ತಮ್ಮ ಸ್ವಂತ ಫೋಲ್ಡರಿನಿಂದ ಆ ಚಿತ್ರಗಳನ್ನು ಕಟ್ ಮಾಡಿ ತಂದಿರುವ ಸಾಧ್ಯತೆ ಹೆಚ್ಚು. ವಿಂಡೋಸ್‌ನಲ್ಲಿ ಕಾಪಿ ಮಾಡಿದರೆ ಹೊಸ ಫೈಲ್ ಹುಟ್ಟುತ್ತದೆ. ಅದು ಹೋಗಿ ಸೇರಿದ ಫೋಲ್ಡರಿನ ಅನುಮತಿಯೇ ಅದಕ್ಕೆ ಬರುತ್ತದೆ. ಒಂದೇ ಡ್ರೈವ್‌ನೊಳಗೆ ಕಟ್-ಪೇಸ್ಟ್ ಮಾಡಿದ ಫೈಲು ಮಾತ್ರ ಮನೆ ಬದಲಿಸಿದರೂ ಹಳೆಯ ಅನುಮತಿ ಪಟ್ಟಿಯನ್ನು ಹೊತ್ತುಕೊಂಡೇ ಬರುತ್ತದೆ. ಆ ಪಟ್ಟಿಯಲ್ಲಿ ನೀವಿಲ್ಲ. ಹೆಸರು ಕಾಣುವುದು ಫೋಲ್ಡರಿನ ಅನುಮತಿಯಿಂದ, ಒಳಗಿನದು ತೆರೆಯುವುದು ಫೈಲಿನ ಅನುಮತಿಯಿಂದ.

ಖಚಿತಪಡಿಸಿಕೊಳ್ಳಲು ತೆರೆಯುವ ಒಂದು ಚಿತ್ರ, ತೆರೆಯದ ಒಂದು ಚಿತ್ರ ಎರಡನ್ನೂ ಹೋಲಿಸಬೇಕು. ಇದನ್ನು ಅಡ್ಮಿನ್ ಅಥವಾ ಆ ಸಹೋದ್ಯೋಗಿಯೇ ಮಾಡಬೇಕು, ನಿಮಗೆ ಪಟ್ಟಿಯೇ ಕಾಣದಿರಬಹುದು. ಫೈಲಿನ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಸೆಕ್ಯುರಿಟಿ, ಅಡ್ವಾನ್ಸ್ಡ್. ಅಲ್ಲಿನ ಎಫೆಕ್ಟಿವ್ ಆಕ್ಸೆಸ್ ಟ್ಯಾಬ್‌ನಲ್ಲಿ ನಿಮ್ಮ ಹೆಸರು ಆರಿಸಿದರೆ ಯಾವ ಹಕ್ಕು ಇದೆ, ಯಾವುದು ಇಲ್ಲ ಎಂದು ತೋರಿಸುತ್ತದೆ. ಪಟ್ಟಿಯಲ್ಲಿ ಡಿನೈ (ನಿರಾಕರಣೆ) ಎಂಬ ಸಾಲೇನಾದರೂ ಇದೆಯೇ ಎಂದೂ ನೋಡಿ. ಫೈಲಿಗೇ ನೇರವಾಗಿ ಹಾಕಿದ ಡಿನೈ ಇದ್ದರೆ ನೀವಿರುವ ಗುಂಪಿಗೆ ಅನುಮತಿ ಇದ್ದೂ ಉಪಯೋಗವಿಲ್ಲ.

ಸರಿಪಡಿಸುವುದು ಸುಲಭ. ಸಹೋದ್ಯೋಗಿ ಆ ಚಿತ್ರಗಳನ್ನು ಅದೇ ಫೋಲ್ಡರಿನೊಳಗೆ ಹೊಸ ಉಪಫೋಲ್ಡರ್ ಮಾಡಿ ಕಾಪಿ ಮಾಡಲಿ, ತೆರೆಯುತ್ತವೆ ಎಂದು ನೀವು ಹೇಳಿದ ಮೇಲೆ ಹಳೆಯವನ್ನು ಅಳಿಸಲಿ. ನೂರಾರು ಫೈಲುಗಳಿದ್ದರೆ ಅಡ್ಮಿನ್ ಫೋಲ್ಡರಿನ ಅಡ್ವಾನ್ಸ್ಡ್ ಕಿಟಕಿಯ ಕೆಳಗಿರುವ ‘ರಿಪ್ಲೇಸ್ ಆಲ್ ಚೈಲ್ಡ್ ಆಬ್ಜೆಕ್ಟ್...’ ಎಂದು ಶುರುವಾಗುವ ಚೌಕಕ್ಕೆ ಗುರುತು ಹಾಕಿ ಅಪ್ಲೈ ಒತ್ತಬಹುದು. ಎಚ್ಚರ: ಒಳಗಿನ ಯಾವುದೋ ಉಪಫೋಲ್ಡರಿಗೆ ಬೇರೆಯಾಗಿ ಕೊಟ್ಟಿದ್ದ ಅನುಮತಿಗಳೂ ಇದರಿಂದ ಅಳಿಸಿಹೋಗುತ್ತವೆ. ಬೇಸತ್ತು ಎವರಿವನ್‌ಗೆ ಫುಲ್ ಕಂಟ್ರೋಲ್ ಕೊಡುವ ಅಭ್ಯಾಸ ಹಲವು ಕಡೆ ಇದೆ. ಅದು ಬೀಗ ಸರಿಮಾಡುವ ಬದಲು ಬಾಗಿಲನ್ನೇ ಕಿತ್ತಿಟ್ಟಂತೆ. ನೋಡುವವರಿಗೆ ರೀಡ್, ತಿದ್ದುವವರಿಗೆ ಮಾಡಿಫೈ ಸಾಕು.

ಪ್ರಶ್ನೆ: ಬೆಳಿಗ್ಗೆಯೇ ನನ್ನನ್ನು ಚಿತ್ರ ತೆರೆಯುವ ಅನುಮತಿ ಇರುವ ಬಳಕೆದಾರರ ಗುಂಪಿಗೆ ಸೇರಿಸಿದ್ದಾರೆ. ಆದರೂ ತೆರೆಯುತ್ತಿಲ್ಲ.

ಉತ್ತರ: ನೀವು ಯಾವ ಗುಂಪುಗಳಲ್ಲಿದ್ದೀರಿ ಎಂಬ ಪಟ್ಟಿ ಸಿದ್ಧವಾಗುವುದು ಲಾಗಿನ್ ಆಗುವಾಗ. ಸೈನ್ ಔಟ್ ಮಾಡಿ ಮತ್ತೆ ಒಳಬನ್ನಿ. ತೆರೆಯನ್ನು ಲಾಕ್ ಮಾಡಿ ಬಿಡಿಸುವುದನ್ನು ನೆಚ್ಚಬೇಡಿ. ಆಮೇಲೆ ತೆರೆದರೂ ಸೇವ್ ಆಗದಿದ್ದರೆ ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿರುವ ಶೇರಿಂಗ್ ಟ್ಯಾಬನ್ನು ಅಡ್ಮಿನ್ ಕೈಲಿ ನೋಡಿಸಿ. ನೆಟ್‌ವರ್ಕ್ ಮೂಲಕ ಬಂದಾಗ ಶೇರ್ ಅನುಮತಿ, ಸೆಕ್ಯುರಿಟಿ ಅನುಮತಿ ಎರಡರಲ್ಲಿ ಬಿಗಿಯಾದದ್ದೇ ನಡೆಯುತ್ತದೆ.

ಪ್ರಶ್ನೆ: ಫುಲ್ ಕಂಟ್ರೋಲ್ ಇದ್ದರೂ ಕೆಲವು ಚಿತ್ರಗಳು ತೆರೆಯುವುದಿಲ್ಲ. ಅವುಗಳ ಐಕಾನ್ ಮೇಲೆ ಸಣ್ಣ ಬೀಗವಿದೆ.

ಉತ್ತರ: ಆ ಬೀಗ ಎನ್‌ಕ್ರಿಪ್ಶನ್‌ನದು, ಅಂದರೆ ಫೈಲಿನ ಒಳಗಿನದನ್ನು ಗೂಢಲಿಪಿಗೆ ಬದಲಿಸಿಟ್ಟಿದ್ದಾರೆ. ಅನುಮತಿ ಎಷ್ಟು ಕೊಟ್ಟರೂ ಬೀಗ ಹಾಕಿದವರ ಖಾತೆಯಲ್ಲಿರುವ ಪ್ರಮಾಣಪತ್ರ (ಡಿಜಿಟಲ್ ಕೀಲಿ) ಅಥವಾ ಕಚೇರಿಯ ರಿಕವರಿ ಏಜೆಂಟ್ (ಇಂಥ ಫೈಲು ಬಿಡಿಸಲೆಂದು ಮೊದಲೇ ನೇಮಿಸಿಟ್ಟ ಖಾತೆ) ಇಲ್ಲದೆ ಚಿತ್ರ ಕಾಣದು. ಬೀಗ ಹಾಕಿದವರು ತಮ್ಮ ಖಾತೆಯಿಂದ ಲಾಗಿನ್ ಆಗಿ ಪ್ರಾಪರ್ಟೀಸ್, ಜನರಲ್, ಅಡ್ವಾನ್ಸ್ಡ್‌ನಲ್ಲಿ ‘ಎನ್‌ಕ್ರಿಪ್ಟ್ ಕಂಟೆಂಟ್ಸ್’ ಗುರುತು ತೆಗೆಯಬೇಕು. ಕೆಲಸ ಬಿಟ್ಟು ಹೋಗುತ್ತಿರುವವರಾದರೆ ಅವರ ಖಾತೆ ಅಳಿಸುವ ಮೊದಲೇ ಇದನ್ನು ಮಾಡಿಸಿ.